ಬುಡಗಲ್ಲು

ನಮ್ಮ ಅತ್ತಿಗೆಗೆ ಲಾರಿ ಡ್ರೈವರುಗಳು ಕಲ್ಲಮ್ಮ ಎಂದು ಹೆಸರಿಟ್ಟಿದ್ದರು. ಕ್ವಾರಿಯಿಂದ ಬಂದ ಪ್ರತಿ ಲೋಡಿನ ಮೇಲೂ ಹತ್ತಿ, ಸುತ್ತಿಗೆಯಿಂದ ಒಂದೊಂದೇ ಬಂಡೆಗೆ ಕುಟ್ಟಿ, ಸದ್ದು ಟೊಳ್ಳಾಗಿ ಕೇಳಿದರೆ ಒಳಗೆ ಬಿರುಕಿದೆ ಎಂದು ಇಡೀ ಲಾರಿಯನ್ನೇ ವಾಪಸ್ ಕಳಿಸುತ್ತಿದ್ದಳು. ಡ್ರೈವರುಗಳು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಇವಳೂ ಏನು ಕಡಿಮೆಯಿಲ್ಲ, ಒಂದಕ್ಕೆ ಎರಡು ಬೈದು, ಆಮೇಲೆ ಅದೇ ಡ್ರೈವರಿಗೆ ಟೀ ತರಿಸುತ್ತಿದ್ದಳು. ನನಗೂ ಅವಳಿಗೂ ಒಂದೇ ವಯಸ್ಸು. ಅಣ್ಣನ ಹೆಂಡತಿ ಎಂದು ನಾನು ಬಹುವಚನ ಹಚ್ಚಿದರೆ "ಯಾರಿಗೆ ಹೇಳ್ತಿದ್ದೀಯ?" ಎಂದು ಹಿಂದೆ ತಿರುಗಿ ನೋಡುತ್ತಾಳೆ. ಹಾಗಾಗಿ ಇಲ್ಲಿಯೂ ಏಕವಚನವೇ ಇರಲಿ.

ಅವಳು ನಗರಸಭೆಯ ಎಂಜಿನಿಯರು. ಕಡಲು ಊರೊಳಗೆ ನುಗ್ಗದಂತೆ ಬಂಡೆಗಳ ಗೋಡೆ ಕಟ್ಟಿಸುವುದು, ಕಟ್ಟಿದ್ದನ್ನು ಕಾಯುವುದು ಅವಳ ಕೆಲಸ. ಆಫೀಸು ಎಂದರೆ ನಗರಸಭೆಯ ಹಿಂಬದಿಯಲ್ಲಿ, ಜನನ ಮರಣದ ಕೌಂಟರಿನ ಪಕ್ಕದ ಒಂದು ಕೋಣೆ. ಗೋಡೆಗೆ ಉಪ್ಪು ಹಿಡಿದು ಸುಣ್ಣ ಉದುರುತ್ತಿರುತ್ತದೆ, ಮೇಜಿನ ಕೆಳಗೆ ಯಾವಾಗಲೂ ಒದ್ದೆ ಗಂಬೂಟು. ನಾನು ಸರ್ಕಾರಿ ಆಸ್ಪತ್ರೆಯ ನರ್ಸು. ಡ್ಯೂಟಿ ಮುಗಿಸಿ ಅವಳನ್ನು ಕರೆದುಕೊಂಡು ಮನೆಗೆ ಹೋಗೋಣವೆಂದು ಅಲ್ಲಿ ಹೋಗಿ ಕೂತರೆ ಬೈಗುಳದ ಹೊಸ ಹೊಸ ಮಾತುಗಳನ್ನು ಕಲಿತು ಬರುತ್ತಿದ್ದೆ. ಗೋಡೆ ಇದ್ದ ಕಡೆಯವರು ನಮ್ಮ ಅಂಗಳಕ್ಕೆ ಗಾಳಿ ಬರುತ್ತಿಲ್ಲ ಎಂದು ಬೈಯುತ್ತಿದ್ದರು, ಗೋಡೆ ಇಲ್ಲದ ಕಡೆಯವರು ನಾವೇನು ಮನುಷ್ಯರಲ್ಲವಾ ಎಂದು ಬೈಯುತ್ತಿದ್ದರು.

ಗೋಡೆ ಇಲ್ಲದವರಲ್ಲಿ ಅವಳ ಒಡಹುಟ್ಟಿದ ತಮ್ಮನೂ ಒಬ್ಬ. ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ. ಮಾತು ಶುರು ಮಾಡಿದರೆ ನಿಲ್ಲದವನು, ಅದಕ್ಕೆ ಎಲ್ಲರ ಬಾಯಲ್ಲೂ ಅವನ ಹೆಸರು ಮೋಟಾರು. ಅವರ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವಳೇ. ಇವಳಿಗೆ ತನ್ನದೇ ಒಬ್ಬ ಮಗ ಹುಟ್ಟಿದ್ದು ಎಷ್ಟೋ ವರ್ಷ ಆದಮೇಲೆ. ಅವನ ಶೆಡ್ಡೂ ಮನೆಯೂ ಇದ್ದದ್ದು ದೊಡ್ಡ ಚರಂಡಿಯ ಆಚೆ ದಡದಲ್ಲಿ. ಚರಂಡಿಯ ಈಚೆ ನಗರಸಭೆ, ಆಚೆ ಪಂಚಾಯಿತಿ. ದುಡ್ಡು ಬಂದದ್ದು ನಗರಸಭೆಗೆ, ಹಾಗಾಗಿ ಗೋಡೆ ಬಂದು ಚರಂಡಿಯ ಹತ್ತಿರ ನಿಂತುಬಿಟ್ಟಿತು.

ಇದರಷ್ಟು ದೊಡ್ಡ ಪೆದ್ದುತನ ಇನ್ನೊಂದಿಲ್ಲ. ಅಲೆ ಗೋಡೆಗೆ ಬಡಿದು ಸುಮ್ಮನಾಗುವುದಿಲ್ಲ. ಗೋಡೆಯ ಉದ್ದಕ್ಕೂ ಓಡಿ, ಅದು ಮುಗಿದಲ್ಲಿ ತಿರುಗಿ, ಪಕ್ಕದ ದಡವನ್ನು ಎರಡರಷ್ಟು ಸಿಟ್ಟಿನಿಂದ ಕಡಿಯುತ್ತದೆ. ಅತ್ತಿಗೆ ಇದನ್ನು ಎರಡೂ ಆಫೀಸಿಗೆ ಹೇಳಿ ಹೇಳಿ ಸುಸ್ತಾಗಿದ್ದಳು. ನಗರಸಭೆಯವರು ಅದು ಪಂಚಾಯಿತಿಯ ಜಾಗ ಎಂದರು. ಪಂಚಾಯಿತಿಯವರು ಗೋಡೆ ನಗರಸಭೆಯದ್ದು ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ ಇವರ ನಡುವೆ ಆಚೆ ದಡ ಕರಗುತ್ತಾ ಹೋಯಿತು. ಮೊದಲು ಬಲೆ ಒಣಗಿಸುವ ಜಾಗ ಹೋಯಿತು, ಆಮೇಲೆ ಓಡಾಡುವ ದಾರಿ, ಆಮೇಲೆ ಮೂರು ಮನೆ. ಒಂದು ದಿನ ಮೋಟಾರಿನ ಶೆಡ್ಡು ಒಳಗಿದ್ದ ಎಂಜಿನ್ನುಗಳ ಸಮೇತ ಕಡಲಿಗೆ ಹೋಯಿತು. ಅಂದು ಅವನು ಆಫೀಸಿಗೆ ಬಂದು ಅಕ್ಕನ ಮೇಜನ್ನು ಎತ್ತಿ ಬೋರಲು ಹಾಕಿ, ಕಿಟಕಿಯ ಗಾಜನ್ನು ಕೈಯಿಂದಲೇ ಗುದ್ದಿ ಒಡೆದ. ಅವನ ಕೈಯಿಂದ ಗಾಜಿನ ಚೂರು ತೆಗೆದು ಹೊಲಿಗೆ ಹಾಕಿದವಳು ನಾನೇ. ಹಾಕುವಾಗಲೂ ಬೈಯುತ್ತಲೇ ಇದ್ದ. ಆದರೂ ಅವನದ್ದೇ ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ.

ಗೋಡೆಯ ಬುಡದ ವಿಷಯ ಇಲ್ಲಿ ಹೇಳಬೇಕು. ಎಲ್ಲಕ್ಕಿಂತ ದೊಡ್ಡ ಬಂಡೆಗಳನ್ನು ನೀರಿನ ಅಂಚಿನಲ್ಲಿ ಗುಂಡಿ ತೋಡಿ ಮರಳಲ್ಲಿ ಹೂಳುತ್ತಾರೆ. ಅವೇ ಬುಡಗಲ್ಲು. ಮೇಲಿನ ಇಳಿಜಾರೆಲ್ಲ ಅವುಗಳಿಗೆ ಆತು ನಿಂತಿರುತ್ತದೆ. ಆದರೆ ಅವು ಕಣ್ಣಿಗೆ ಕಾಣುವುದಿಲ್ಲವಲ್ಲ! ಒಳ್ಳೊಳ್ಳೆ ಬಂಡೆಗಳನ್ನು ಮಣ್ಣಿಗೆ ಹಾಕಿ ಬಿಲ್ಲು ಮಾಡಿಕೊಂಡಿದ್ದಾರೆ, ಅದೆಲ್ಲ ಕಂಟ್ರಾಕ್ಟರನ ಕಳ್ಳಾಟ ಎಂದು ಎರಡೂ ದಡದವರು ನಂಬಿದ್ದರು. ಮಿಕ್ಕ ಎಲ್ಲದರಲ್ಲೂ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವ ಜನ ಇದೊಂದರಲ್ಲಿ ಮಾತ್ರ ಒಂದಾಗಿದ್ದರು.

ದೊಡ್ಡ ಬಿರುಗಾಳಿ ಬರುತ್ತದೆಂದು ರೇಡಿಯೋದಲ್ಲಿ ಹೇಳಿದ ದಿನ ಬೆಳಿಗ್ಗೆ, ನೀರು ಇಳಿದಿದ್ದಾಗ, ಮೋಟಾರು ತನ್ನ ದಡದ ಏಳೆಂಟು ಜನರನ್ನು ಕಟ್ಟಿಕೊಂಡು ಟ್ರ್ಯಾಕ್ಟರು, ಸರಪಳಿ, ಹಾರೆಗಳ ಜೊತೆ ಗೋಡೆಯ ತುದಿಗೆ ಇಳಿದ. ಅವರಿಗೆ ಗೋಡೆ ಒಡೆಯುವ ಉದ್ದೇಶ ಇರಲಿಲ್ಲ. ಸುಮ್ಮನೆ ಹೂತು ಬಿದ್ದಿರುವ ನಾಲ್ಕು ಕಲ್ಲು ಎಳೆದು ತಮ್ಮ ಮನೆಗಳ ಮುಂದೆ ಇಟ್ಟುಕೊಳ್ಳೋಣ ಅಂತಿದ್ದರು.

ಅತ್ತಿಗೆಗೆ ಯಾರೋ ಫೋನು ಮಾಡಿದರು. ಅವಳು ಆಸ್ಪತ್ರೆಯ ಮುಂದೆ ಜೀಪು ನಿಲ್ಲಿಸಿ, "ಔಷಧಿ ಡಬ್ಬಿ ತಗೊಂಡು ಹತ್ತು, ಅಲ್ಲಿ ತಲೆ ಒಡೀತವೆ," ಎಂದಳು. ಮೊದಲು ಒಡೆದದ್ದು ಅವಳದ್ದೇ. ನಾವು ಮುಟ್ಟುವ ಹೊತ್ತಿಗೆ ಎರಡು ಕಲ್ಲು ಆಚೆ ಹೋಗಿ, ಮೂರನೆಯದಕ್ಕೆ ಸರಪಳಿ ಬಿಗಿದಿದ್ದರು. ಅವಳು ಹೋಗಿ ಸರಪಳಿಯ ಮೇಲೆ ನಿಂತಳು. ಬುಡ ತೆಗೆದರೆ ಗೋಡೆ ಜಾರುತ್ತದೆ, ಹಿಂದಿನ ಮೂರು ಬೀದಿ ಹೋಗುತ್ತದೆ ಎಂದು ಕೂಗಿ ಹೇಳಿದಳು. ತಮ್ಮ ಅವಳ ತೋಳು ಹಿಡಿದು ಎಳೆದು ಬಿಸಾಕಿದ. ಅವಳ ಹಣೆ ಬಂಡೆಗೆ ಬಡಿದು ಹುಬ್ಬಿನ ಮೇಲೆ ಬಾಯಿ ಬಿಟ್ಟುಕೊಂಡಿತು. ಅಷ್ಟರಲ್ಲಿ ಈಚೆ ದಡದವರು ದೊಣ್ಣೆ ಹಿಡಿದು ಇಳಿದರು. ಆಮೇಲೆ ಯಾರು ಯಾರಿಗೆ ಹೊಡೆದರೋ ದೇವರಿಗೇ ಗೊತ್ತು. ಒಬ್ಬನ ದವಡೆ ಮುರಿದ ಸದ್ದು ನನಗೆ ಕೇಳಿಸಿತು. ಬಿದ್ದವನ ಹೊಟ್ಟೆಗೆ ಇಬ್ಬರು ಒದೆಯುತ್ತಿದ್ದರು, ಅವರ ಬೆನ್ನಿಗೆ ಇನ್ನೊಬ್ಬ ಹಾರೆಯಿಂದ ಬಾರಿಸುತ್ತಿದ್ದ. ಈ ಗಲಾಟೆಯಲ್ಲಿ ಟ್ರ್ಯಾಕ್ಟರಿನವನು ಹೆದರಿ ಗೇರು ಹಾಕಿ ಎಳೆದೇಬಿಟ್ಟ.

ಮೂರನೆಯ ಕಲ್ಲು ಹೊರಬಂತು. ಅದರ ಹಿಂದೆಯೇ ಇಳಿಜಾರು ಬಂತು. ಟ್ರ್ಯಾಕ್ಟರಿನ ಮೇಲೆ ಲಾರಿಯ ಕ್ಯಾಬಿನ್ನಿನಷ್ಟು ದೊಡ್ಡ ಬಂಡೆ ಬಿತ್ತು. ಅದನ್ನು ಓಡಿಸುತ್ತಿದ್ದವನು ಒಂದು ಮಾತೂ ಆಡದೆ ಸತ್ತ. ಇನ್ನೊಂದು ಬಂಡೆ ಉರುಳಿ ಬಂದು ಮೋಟಾರಿನ ಎಡಗಾಲಿನ ಮೇಲೆ ಕೂತಿತು, ಮೊಣಕಾಲಿನ ಕೆಳಗೆ. ಅದಕ್ಕೆ ಮೇಲಿನ ನಾಲ್ಕು ಬಂಡೆ ಒರಗಿ ನಿಂತವು. ಜಾರುವುದು ಅಲ್ಲಿಗೆ ನಿಂತಿತು.

ನಗರಸಭೆಯ ಕ್ರೇನು ಬಂತು. ನೀರು ಏರಲು ಶುರುವಾಗಿತ್ತು, ಗಾಳಿಯೂ ಎದ್ದಿತ್ತು. ಕ್ರೇನಿನವನು ನೋಡಿ, ಐದು ನಿಮಿಷದ ಕೆಲಸ, ಎತ್ತಿಬಿಡುತ್ತೇನೆ ಎಂದ. ಅತ್ತಿಗೆ ರಕ್ತ ಒರೆಸಿಕೊಳ್ಳುತ್ತಾ ಆ ಬಂಡೆಯ ಸುತ್ತ ಒಂದು ಸುತ್ತು ಬಂದಳು, ಕೈ ಇಟ್ಟು ನೋಡಿದಳು, ಮೇಲೆ ಹತ್ತಿ ಹಿಂದಿನ ಬೀದಿ ನೋಡಿದಳು. ರಾತ್ರಿಯ ಮಳೆಗೆ ಚರಂಡಿ ಉಕ್ಕಿ, ತಗ್ಗಿನ ರಸ್ತೆಯಲ್ಲಿ ಆಗಲೇ ಸೊಂಟದವರೆಗೆ ನೀರು. ಮುದುಕರು, ಬಾಣಂತಿಯರು, ಮಕ್ಕಳು ಅರ್ಧಕ್ಕರ್ಧ ಇನ್ನೂ ಮನೆಯೊಳಗೇ ಇದ್ದರು. ಈಗ ಆ ಒಂದು ಕಲ್ಲೇ ಗೋಡೆಯ ಬುಡವಾಗಿತ್ತು. ಅದನ್ನು ಎತ್ತಿದರೆ ಏರುವ ಕಡಲಿಗೆ ನಾವೇ ಬಾಗಿಲು ತೆಗೆದ ಹಾಗೆ.

ಮರಳು ತೋಡಿ ಕಾಲು ಎಳೆಯಲು ನೋಡಿದೆವು. ನಾವು ತೋಡಿದಷ್ಟನ್ನೂ ಅಲೆ ಬಂದು ತುಂಬುತ್ತಿತ್ತು. ಅತ್ತಿಗೆಯ ಉಗುರುಗಳು ಕಿತ್ತು ಬಂದವು. ಆಮೇಲೆ ಅವಳು ತೋಡುವುದನ್ನು ನಿಲ್ಲಿಸಿದಳು.

"ಅಕ್ಕಾ, ಕಲ್ಲು ಎತ್ತಿಸು," ಎಂದ ತಮ್ಮ.

"ಎತ್ತಕ್ಕಾಗಲ್ಲ ಕಣೋ."

"ಕ್ರೇನ್ ಇದೆಯಲ್ಲ."

"ಇದೆ. ಎತ್ತಲ್ಲ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಕೂಗಿದ ಕೂಗನ್ನು ನಾನು ಹೆರಿಗೆ ವಾರ್ಡಿನಲ್ಲೂ ಕೇಳಿಲ್ಲ. ಕೂಗು ಕೇಳಿ ಆಚೆ ದಡದ ಮನೆಮಂದಿಯೆಲ್ಲ ಗೋಡೆಯ ಮೇಲೆ ಬಂದರು. ಅವನ ಹೆಂಡತಿ ಓಡಿ ಬಂದು ಅತ್ತಿಗೆಯ ಜುಟ್ಟು ಹಿಡಿದು ಮುಖವನ್ನೆಲ್ಲ ಪರಚಿ ಹಾಕಿದಳು. ಆಚೆ ದಡದವರು ಕ್ರೇನಿನವನನ್ನು ಹಿಡಿದು, ಎತ್ತುತ್ತೀಯೋ ಸಾಯುತ್ತೀಯೋ ಎಂದು ಕುತ್ತಿಗೆ ಅಮುಕಿದರು. ಈಚೆ ದಡದವರು, ಎತ್ತಿದರೆ ನಾವು ಸಾಯಿಸುತ್ತೇವೆ ಎಂದು ಅವನ ಕಾಲು ಹಿಡಿದು ಎಳೆದರು. ಪಾಪದವನ ಸ್ಥಿತಿ ಅತ್ತ ದರಿ, ಇತ್ತ ಪುಲಿ. ಅತ್ತಿಗೆ ತಮ್ಮನ ಹೆಂಡತಿಯನ್ನು ಕೊಡವಿಕೊಂಡು ಕ್ರೇನಿಗೆ ಹತ್ತಿದಳು, ಕೀ ಕಿತ್ತಳು, ಕಡಲಿಗೆ ಎಸೆದಳು.

ಕ್ರೇನಿನವನ ಮೇಲಿದ್ದ ಕೈಗಳು ಸಡಿಲವಾದವು. ಅವಳು ನನ್ನ ಹತ್ತಿರ ಬಂದಳು.

"ಕಾಲು ತೆಗೆದ್ರೆ ಬದುಕ್ತಾನಾ?"

"ಮೂಳೆ ಡಾಕ್ಟರು ಬೇಗ ಬಂದ್ರೆ ಬದುಕಬಹುದು," ಎಂದೆ.

"ಕರೆಸು."

ಡಾಕ್ಟರು ಬರುವ ಹೊತ್ತಿಗೆ ಅಲೆ ಅವನ ಎದೆಗೆ ಬರುತ್ತಿತ್ತು. ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟೆವು. ಅರ್ಧ ಔಷಧಿ ನೀರಿನ ಪಾಲಾಯಿತು. ಅತ್ತಿಗೆ ಅವನ ಹಿಂದೆ ಮರಳಲ್ಲಿ ಕೂತು, ಎರಡೂ ಕಂಕುಳಲ್ಲಿ ಕೈ ಹಾಕಿ ಎದೆಗೆ ಒತ್ತಿ ಹಿಡಿದಳು. ಪ್ರತಿ ಅಲೆಯೂ ಇಬ್ಬರ ತಲೆಯ ಮೇಲೆ ಹಾದು ಹೋಗುತ್ತಿತ್ತು. ಡಾಕ್ಟರು ನೀರು ಹಿಂದೆ ಸರಿದಾಗಷ್ಟೇ ಗರಗಸ ಆಡಿಸುತ್ತಿದ್ದರು, ಅಲೆ ಬಂದಾಗ ನಿಲ್ಲಿಸುತ್ತಿದ್ದರು. ಮಂಪರಿನಲ್ಲೂ ಅವನು ಅಕ್ಕನ ಮುಂಗೈಯನ್ನು ಮೂಳೆ ತಾಗುವ ತನಕ ಕಚ್ಚಿದ. ಅವಳು ಕೈ ಎಳೆದುಕೊಳ್ಳಲಿಲ್ಲ. ಮೂಳೆ ಕತ್ತರಿಸಿದ ಮೇಲೆ ನಾವು ಅವನನ್ನು ಎಳೆದುಕೊಂಡು ಓಡಿದೆವು. ಕಾಲು ಅಲ್ಲೇ ಉಳಿಯಿತು.

ಗೋಡೆ ನಿಂತಿತು. ಮಧ್ಯಾಹ್ನ ಬಿರುಗಾಳಿ ಆಚೆ ದಡದ ಮನೆಗಳನ್ನೆಲ್ಲ ಗುಡಿಸಿಕೊಂಡು ಹೋಯಿತು, ಮೋಟಾರಿನ ಮನೆಯನ್ನೂ. ಅಲ್ಲಿದ್ದ ಜನವೆಲ್ಲ ಜಗಳಕ್ಕೆ ಗೋಡೆಯ ಮೇಲೆ ಬಂದಿದ್ದರಿಂದ ಬದುಕಿಕೊಂಡರು, ನಗಬೇಕೋ ಅಳಬೇಕೋ ನೀವೇ ಹೇಳಿ. ಈಚೆ ದಡದ ಮೂರು ಬೀದಿಯಲ್ಲಿ ಒಂದು ಕೋಳಿಯೂ ಸಾಯಲಿಲ್ಲ.

ಬದುಕಿದವರು ಅವಳಿಗೆ ಹಾರ ಹಾಕಿದರು ಎಂದುಕೊಂಡಿರಾ? ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಬಾಯಿ ಚಪ್ಪರಿಸಿದರು. ಆ ಬೀದಿಯ ಹೆಂಗಸರೇ ಅವಳು ಎದುರಿಗೆ ಬಂದರೆ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಲಾರಿ ಡ್ರೈವರುಗಳು ಕಲ್ಲಮ್ಮ ಎನ್ನುವುದನ್ನು ಬಿಟ್ಟರು. ಇನ್ನು ಅದು ತಮಾಷೆಯಾಗಿ ಉಳಿದಿರಲಿಲ್ಲ. ನನ್ನ ಅಣ್ಣ ಕೂಡ ಕೆಲವು ದಿನ ಅವಳ ಮುಖ ನೋಡಿ ಮಾತಾಡಲಿಲ್ಲ. ಅವನಿಗೆ ನಾನು ಕೊಟ್ಟ ಬೈಗುಳ ಅವನಿಗೇ ಗೊತ್ತು. ಅವಳು ಆಸ್ಪತ್ರೆಗೆ ಬರುತ್ತಿದ್ದಳು, ಮೋಟಾರು ವಾರ್ಡಿನ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು.

ಒಂದು ಹೆಣ ಬಿದ್ದ ಮೇಲೆ ಎರಡೂ ಆಫೀಸಿನವರಿಗೆ ಬುದ್ಧಿ ಬಂತು. ಮರುವರ್ಷ ಗೋಡೆ ಚರಂಡಿ ದಾಟಿ ಆಚೆ ದಡದ ಉದ್ದಕ್ಕೂ ಹೋಯಿತು. ಕಟ್ಟಿಸಿದವಳೂ ಅತ್ತಿಗೆಯೇ. ತಮ್ಮ ಮಾತ್ರ ಅವಳೊಂದಿಗೆ ಮಾತಾಡಲಿಲ್ಲ. ನಾಲ್ಕು ಮನೆಗೆ ಕೇಳುವ ಹಾಗೆ ಮಾತಾಡುತ್ತಿದ್ದವನು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಅವನ ಕಾಲು ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಹೊಟ್ಟೆ ಉರಿಸಿತು.

ಹೊಸ ಗೋಡೆ ಮುಗಿದ ಮೇಲೆ ಒಂದು ಭಾನುವಾರ ಅವನು ತಾನಾಗಿ ಮನೆಗೆ ಬಂದ. ಊರುಗೋಲು ಊರಿಕೊಂಡು ನಡುಮನೆಯಲ್ಲಿ ನಿಂತ, ಕೂತುಕೋ ಎಂದರೂ ಕೂರಲಿಲ್ಲ. ಅತ್ತಿಗೆ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಕ್ಕಾ, ಒಂದೇ ಒಂದು ಮಾತು ಕೇಳ್ಬೇಕಿತ್ತು," ಎಂದ. "ಅವತ್ತು ಆ ಕಲ್ಲಿನ ಕೆಳಗೆ ನಿನ್ನ ಮಗ ಇದ್ದಿದ್ರೆ?"

ಒಂದು ಸುಳ್ಳು ಹೇಳು ಮಾರಾಯ್ತಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನ ಕಾಲನ್ನೂ ತೆಗೆಸುತ್ತಿದ್ದೆ ಎಂದು ಹೇಳಿಬಿಡು, ನಿನ್ನ ಗಂಟೇನು ಹೋಗುತ್ತದೆ? ಅವನು ಅಷ್ಟನ್ನು ಕೇಳಲೆಂದೇ ಬಂದಿದ್ದ, ಅಷ್ಟು ಕೇಳಿದ್ದರೆ ಕೂರುತ್ತಿದ್ದ, ಊಟ ಮಾಡುತ್ತಿದ್ದ.

"ಎತ್ತಿಸ್ತಿದ್ದೆ," ಎಂದಳು ಅತ್ತಿಗೆ. "ಊರು ಮುಳುಗಿದ್ರೂ ಎತ್ತಿಸ್ತಿದ್ದೆ."

ಅವನು ಊರುಗೋಲು ಎತ್ತಿ ಅವಳ ಹೆಗಲಿಗೆ ಬೀಸಿದ. ಕಾಲರ್ ಬೋನು ಮುರಿದ ಸದ್ದು ನನಗೆ ಚೆನ್ನಾಗಿ ಗೊತ್ತು. ಊರುಗೋಲು ಎತ್ತಿದ್ದರಿಂದ ಅವನಿಗೆ ನಿಲ್ಲಲು ಆಧಾರವಿರಲಿಲ್ಲ, ಮುಂದಕ್ಕೆ ಬಿದ್ದ. ಅವಳು ನೆಟ್ಟಗಿದ್ದ ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡಳು, ಇಬ್ಬರೂ ನೆಲಕ್ಕೆ ಬಂದರು. ಬಿಡು ನನ್ನ, ಎಂದು ಅವನು ಅವಳ ಬೆನ್ನಿಗೆ ಗುದ್ದುತ್ತಿದ್ದ, ಗುದ್ದುತ್ತಾ ಅಳುತ್ತಿದ್ದ. ಅವಳು ಬಿಡಲಿಲ್ಲ. ಮುರಿದ ಮೂಳೆಗೆ ನಾನು ಬಟ್ಟೆ ಕಟ್ಟಬೇಕಿತ್ತು, ಆದರೆ ಕಟ್ಟುವುದಕ್ಕೆ ಅವರಿಬ್ಬರನ್ನೂ ಬಿಡಿಸಬೇಕಿತ್ತು. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದು ನಿಂತೆ.