ವರ್ಲೀನಳ ಬಾಚಣಿಗೆ ಇಸ್ತ್ರಿ

ಅಮೆರಿಕದ ಮೇಕನ್ ಪಟ್ಟಣದ ಶಾಲೆಯೊಂದರಲ್ಲಿ ವರ್ಲೀನ್ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಆದರೆ ನಮ್ಮ ಬೀದಿಯಲ್ಲಿ ಅವಳಿಗೆ ಹೆಸರು ಬಂದದ್ದು ಕೂದಲ ಕೆಲಸದಿಂದ. ನಮ್ಮ ಕಪ್ಪು ಜನರ ಕೂದಲು ಬುಡದಿಂದಲೇ ಸುರುಳಿ ಸುತ್ತಿಕೊಂಡು ಏಳುವಂಥದ್ದು. ಅದನ್ನು ನೇರ ಮಾಡಬೇಕಾದರೆ ಎಡಗೈಯ ಬಾಚಣಿಗೆ ಮುಂದೆ ಹೋಗಬೇಕು, ಇಕ್ಕಳದಂತೆ ಎರಡು ಪಟ್ಟಿಗಳ ನಡುವೆ ಕೂದಲು ಹಿಡಿಯುವ ಬಲಗೈಯ ಕಾದ ಇಸ್ತ್ರಿ ಅದರ ಬೆನ್ನಿಗೇ ಇಳಿಯಬೇಕು. ಎರಡೂ ಕೈ ಒಂದೇ ಉಸಿರಿನಲ್ಲಿ ನಡೆದರೆ ಕೂದಲು ರೇಷ್ಮೆಯಂತೆ ಬೀಳುತ್ತದೆ. ಒಂದು ತಡವರಿಸಿದರೂ ಬುಡದಲ್ಲಿ ಉಬ್ಬಿ ನಿಲ್ಲುತ್ತದೆ. ವರ್ಲೀನಳ ಕೈ ತಡವರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಶನಿವಾರ ಬೆಳಿಗ್ಗೆ ಅವಳ ಅಡುಗೆಮನೆಯಲ್ಲಿ ಮೊದಲು ತನ್ನ ತಲೆ, ಆಮೇಲೆ ತಂಗಿ ಒಜೆಲಾಳ ತಲೆ. ಭಾನುವಾರ ಇಬ್ಬರೂ ಚರ್ಚಿನ ಎರಡನೇ ಸಾಲಿನಲ್ಲಿ ಮಿರಮಿರ ಮಿಂಚುತ್ತ ಕೂರುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಒಂದು ದಿನ ಕಾಫಿ ಲೋಟ ಅವಳ ಎಡಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಲು ಹೋದವಳು ತಾನೂ ಬಿದ್ದಳು. ಲಕ್ವ ಹೊಡೆದಿತ್ತು. ಮಾತು ಬೇಗ ಮರಳಿತು, ಕಾಲೂ ದಾರಿಗೆ ಬಂತು. ಎಡಗೈ ಮಾತ್ರ ಬೇರೆಯವರದೇನೋ ಎಂಬಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಅಂದಿನಿಂದ ಒಜೆಲಾ ಶನಿವಾರ ತಪ್ಪಿಸಲಿಲ್ಲ. ಬರುವಾಗ ಒಂದು ಪಾತ್ರೆ ಬೇಯಿಸಿದ ಸೊಪ್ಪು, ತಲೆಗೆ ಬಿಗಿಯಾಗಿ ಕಟ್ಟಿದ ನೀಲಿ ವಸ್ತ್ರ, ಬಾಯಿತುಂಬ ಬೈಗುಳ. ಅಕ್ಕನ ತಲೆಗೆ ಅವಳೇ ಇಸ್ತ್ರಿ ಹಿಡಿಯುತ್ತಿದ್ದಳು. ಆ ಕೆಲಸ ಅವಳಿಗೆ ಒಗ್ಗಿದ್ದಲ್ಲ. ಒಮ್ಮೆ ಕಿವಿ ಸುಟ್ಟಳು, ಇನ್ನೊಮ್ಮೆ ಕತ್ತು.

"ಒಜೆಲಾ, ನೀನು ತಲೆ ಮಾಡ್ತಿದೀಯೋ, ಕೋಳಿ ಸುಡ್ತಿದೀಯೋ?"

"ಅಲ್ಲಾಡದೆ ಕೂತ್ಕೊ. ಇಷ್ಟು ವರ್ಷ ನೀನು ನನ್ನನ್ನ ಗದರ್ಸಿದ್ದಕ್ಕೆ ಈಗ ವಸೂಲಿ."

ನಗು ಬರುತ್ತಿತ್ತು, ಆದರೆ ಒಜೆಲಾ ಹೋದ ಮೇಲೆ ವರ್ಲೀನ್ ಕನ್ನಡಿಯ ಕಡೆ ತಿರುಗುತ್ತಿರಲಿಲ್ಲ. ಚರ್ಚಿನ ಹೆಂಗಸರು ವಿಗ್ಗು ಹಾಕಿಕೊ ಎಂದು ಅಕ್ಕರೆಯಿಂದಲೇ ಹೇಳಿದರು. ಆ ಅಕ್ಕರೆ ಅವಳಿಗೆ ಸುಟ್ಟ ಕಿವಿಗಿಂತ ಹೆಚ್ಚು ಉರಿಯಿತು.

ವಸಂತದ ಒಂದು ಶನಿವಾರ ತಂಗಿ ಬರುವ ಮೊದಲೇ ಎದ್ದು, ಅವಳು ಬೀರುವಿನಿಂದ ಇಸ್ತ್ರಿಯ ಹಳೆಯ ಡಬ್ಬಿ ಇಳಿಸಿದಳು. ತಳದಲ್ಲಿ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದ ಒಂದು ಪುಟ್ಟ ಬಾಚಣಿಗೆಯಿತ್ತು. ಇಸ್ತ್ರಿಯ ಪಟ್ಟಿಗೆ ಸಿಕ್ಕಿಸುವಂಥದ್ದು. ಇಸ್ತ್ರಿ ಕೊಂಡ ದಿನ ಅದನ್ನು ನೋಡಿ, "ಇದು ಕೈಬಾರದವರಿಗೆ" ಎಂದು ಡಬ್ಬಿಗೇ ಎಸೆದಿದ್ದಳು. ಈಗ ಅದನ್ನು ಸಿಕ್ಕಿಸಲು ಇಸ್ತ್ರಿಯನ್ನು ಮಂಡಿಗಳ ನಡುವೆ ಹಿಡಿದುಕೊಳ್ಳಬೇಕಾಯಿತು.

ಮೊದಲ ಪ್ರಯತ್ನ ಕೆಟ್ಟಿತು. ಅವಸರಕ್ಕೆ ದಪ್ಪನೆಯ ಹಿಡಿ ಕೂದಲು ತೆಗೆದುಕೊಂಡಳು, ಸಿಕ್ಕನ್ನೂ ಬಿಡಿಸಿರಲಿಲ್ಲ. ಬಾಚಣಿಗೆಯ ಹಲ್ಲು ನಡುವಿನಲ್ಲೇ ಕಚ್ಚಿಕೊಂಡಿತು. ಅತ್ತ ಇಸ್ತ್ರಿ ಸುಡುತ್ತಿದೆ, ಇತ್ತ ಬಿಡಿಸಲು ಇನ್ನೊಂದು ಕೈಯಿಲ್ಲ. ಕಮಟು ವಾಸನೆ ಮೂಗಿಗೆ ಬಡಿದ ಮೇಲೆ ಜಗ್ಗಿ ಎಳೆದಳು. ಹಣೆಯ ಮೇಲೆ ಒಂದು ಕುಚ್ಚು ಮೊಂಡಾಗಿ ನಿಂತಿತು. ಅವಳು ಇಸ್ತ್ರಿ ಕೆಳಗಿಟ್ಟು ಕುರ್ಚಿಯ ಮೇಲೆ ಕೂತಳು. ಅತ್ತಳೋ ಇಲ್ಲವೋ, ಅದನ್ನು ಅವಳು ಯಾರಿಗೂ ಹೇಳಿಲ್ಲ.

ಆಮೇಲೆ ಎದ್ದು ಬೇರೆಯವರ ತಲೆಗೆ ಮಾಡುವಂತೆ ಯೋಚಿಸತೊಡಗಿದಳು. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿದಳು. ಬಿಸಿ ಇಳಿಸಿದಳು. ಬೈತಲೆ ತೆಗೆದು, ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿ ಉಳಿದ ಕೂದಲಿಗೆ ಸಿಕ್ಕಿಸಿ, ಒಂದು ತೆಳು ಎಳೆಯನ್ನಷ್ಟೇ ಹೊರಗೆ ಬಿಟ್ಟಳು. ಬುಡದ ಹತ್ತಿರ ಇಸ್ತ್ರಿ ಮುಚ್ಚಿ ಮೆಲ್ಲಗೆ ಎಳೆದಳು. ಪುಟ್ಟ ಬಾಚಣಿಗೆಯ ಹಲ್ಲುಗಳು ಕೂದಲನ್ನು ಹಿಡಿದು ಬಿಗಿ ಮಾಡಿದವು, ಪಟ್ಟಿ ಹಿಂದಿನಿಂದ ಹಾದುಬಂತು. ಎಡಗೈ ಮಾಡಬೇಕಾದ ಕೆಲಸ ಆ ಹಲ್ಲುಗಳಿಂದ ಆಗುತ್ತಿತ್ತು. ಎಳೆ ನೇರವಾಗಿ ಕೆನ್ನೆಯ ಮೇಲೆ ಬಿತ್ತು. ಅವಳು ಅದನ್ನು ಮುಟ್ಟಿ ನೋಡಿದಳು. ಇನ್ನೊಂದು ಎಳೆ ತೆಗೆದಳು.

ಒಜೆಲಾ ಬಾಗಿಲು ತಳ್ಳಿ ಒಳಬಂದಾಗ ಮುಂಭಾಗವೆಲ್ಲ ಮುಗಿದಿತ್ತು.

"ಒಬ್ಬಳೇ ಇಸ್ತ್ರಿ ಕಾಯ್ಸಿದ್ಯಾ? ಮನೆಗೆ ಬೆಂಕಿ ಬಿದ್ರೆ ಯಾರನ್ನ ಕೂಗ್ತಿದ್ದೆ?" ಎಂದು ಪಾತ್ರೆ ಕುಕ್ಕಿದಳು. ಆಮೇಲೆ ಹತ್ತಿರ ಬಂದು ನೋಡಿ ದನಿ ತಗ್ಗಿಸಿದಳು. "ಈ ಮುಂದಿಂದು... ನೀನೇ ಮಾಡ್ಕೊಂಡ್ಯಾ?"

"ಇನ್ಯಾರು, ಬೆಕ್ಕು ಮಾಡ್ತಾ? ಹಿಂದಕ್ಕೆ ಕೈ ಎಟುಕ್ತಿಲ್ಲ. ತಗೊ, ಇದ್ರಲ್ಲಿ ಸುಮ್ನೆ ಎಳಿ ಸಾಕು."

ಒಜೆಲಾ ಎಳೆದಳು. ಈ ಸಲ ಏನೂ ಸುಡಲಿಲ್ಲ. ಕೆಲಸ ಮುಗಿಸಿ ಬಗ್ಗಿ ಇಸ್ತ್ರಿಯ ಕರೆಂಟ್ ತಂತಿ ಕೀಳುವಾಗ ಅವಳ ತಲೆಯ ವಸ್ತ್ರ ಜಾರಿತು. ಗಬಕ್ಕನೆ ಎಳೆದುಕೊಂಡಳು, ಆದರೆ ವರ್ಲೀನ್ ನೋಡಿಬಿಟ್ಟಿದ್ದಳು.

"ತೆಗಿ ಅದನ್ನ."

"ಬಿಡು, ತೊಳ್ದಿಲ್ಲ."

"ಒಜೆಲಾ."

ವಸ್ತ್ರದಡಿಯ ಹಳೆಯ ಜಡೆಗಳು ಅರ್ಧ ಬಿಚ್ಚಿ ಗಂಟುಗಟ್ಟಿದ್ದವು. ಕಿವಿಯ ಮೇಲಿನ ಅಂಚಿನಲ್ಲಿ ಕೂದಲು ಉದುರಿ ಚರ್ಮ ಕಾಣುತ್ತಿತ್ತು. ಚಳಿಗಾಲದಿಂದ ಆ ತಲೆಗೆ ಯಾರ ಕೈಯೂ ತಾಗಿರಲಿಲ್ಲ.

"ಯಾವ್ದಾದ್ರೂ ಪಾರ್ಲರಿಗೆ ಹೋಗ್ಬಾರ್ದಿತ್ತಾ?"

"ಅಮ್ಮ ಹೋದ್ಮೇಲೆ ನನ್ನ ತಲೆ ನಿನ್ನ ಕೈಲೇ ಇದ್ದಿದ್ದು," ಎಂದಳು ಒಜೆಲಾ, ನೆಲ ನೋಡುತ್ತ. "ಇನ್ನೊಬ್ರ ಮುಂದೆ ಬಗ್ಗಿಸಕ್ಕೆ ಮನಸ್ಸು ಬರ್ಲಿಲ್ಲ. ನಿನ್ಗೆ ಹೇಳಿದ್ರೆ ನೀನು ಆ ಕೈ ನೋಡ್ಕೊಂಡು ಅಳ್ತಿದ್ದೆ."

ವರ್ಲೀನಳಿಗೆ ಇಷ್ಟು ತಿಂಗಳು ತನ್ನ ಕೈಯೊಂದನ್ನೇ ನೋಡುತ್ತ ಕೂತಿದ್ದೆನಲ್ಲ ಎನಿಸಿತು. ಆದರೆ ಬಾಯಿಂದ ಬಂದದ್ದು ಹಳೆಯ ಗದರಿಕೆಯೇ.

"ಸಿಂಕಿನ ಹತ್ರ ನಡಿ. ಮೊದ್ಲು ತೊಳೀಬೇಕು."

ಬಿಚ್ಚಿ, ತೊಳೆದು, ಒಣಗಿಸುವುದರಲ್ಲೇ ಬೆಳಗು ಕಳೆಯಿತು. ಮಧ್ಯೆ ಇಬ್ಬರೂ ಸೊಪ್ಪಿನ ಜೊತೆ ಮೆಕ್ಕೆಜೋಳದ ರೊಟ್ಟಿ ತಿಂದರು. ಆಮೇಲೆ ಒಜೆಲಾ ಮೋಟು ಸ್ಟೂಲಿನ ಮೇಲೆ ಕೂತಳು, ವರ್ಲೀನ್ ಸೊಂಟವನ್ನು ಕಟ್ಟೆಗೆ ಆನಿಸಿ ಹಿಂದೆ ನಿಂತಳು. ಎಳೆ ಬೇರೆ ಮಾಡುವುದು, ಕ್ಲಿಪ್ಪು ಕೊಡುವುದು ಒಜೆಲಾಳ ಪಾಲು, ಇಸ್ತ್ರಿ ಅಕ್ಕನದು.

"ಕಿವಿ ಮಡಚ್ಕೊ."

"ಮಡಚ್ಕೊಂಡಿದೀನಿ ಮಾರಾಯ್ತಿ, ಇನ್ನೆಷ್ಟು ಮಡಚ್ಲಿ?"

"ಅಂಚಿಗೆ ನಾನು ಇಸ್ತ್ರಿ ತಾಗ್ಸಲ್ಲ. ಅಲ್ಲಿ ಮೊದ್ಲು ಕೂದ್ಲು ಬರ್ಲಿ. ಎಣ್ಣೆ ಹಚ್ತೀನಿ ಅಷ್ಟೆ. ಇನ್ಮೇಲೆ ಆ ವಸ್ತ್ರಾನ ಅಷ್ಟು ಬಿಗಿಯಾಗಿ ಕಟ್ಬೇಡ."

ಹಳೆಯ ದಿನಗಳ ಹೊಳಪು ಬರಲಿಲ್ಲ. ಹಿಂಭಾಗದಲ್ಲಿ ಅಲ್ಲಲ್ಲಿ ಉಬ್ಬು ಉಳಿಯಿತು, ವರ್ಲೀನಳ ಬಲ ಭುಜ ಕಿತ್ತುಬರುವಂತೆ ನೋಯುತ್ತಿತ್ತು. ಒಜೆಲಾ ಕನ್ನಡಿಯಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಿದಳು. ಕೂದಲು ಅವಳ ಹೆಗಲ ಮೇಲೆ ಓಲಾಡಿತು. ಅವಳು ಮತ್ತೆ ಮತ್ತೆ ತಿರುಗಿಸಿದಳು, ಬರೀ ಅದು ಓಲಾಡುವುದನ್ನು ನೋಡಲಿಕ್ಕೆ.

ಮರುದಿನ ಚರ್ಚಿನ ಮೆಟ್ಟಿಲ ಮೇಲೆ ಹಿರಿಯಾಕೆ ಮಿಸ್ ಯೂಲಾ ಇಬ್ಬರನ್ನೂ ತಡೆದಳು. "ಯಾವ ಪಾರ್ಲರು ಸಿಸ್ಟರ್, ನಂಗೂ ಹೇಳಿ."

ಒಜೆಲಾ ಬಾಯಿ ತೆರೆಯುವ ಮೊದಲೇ ವರ್ಲೀನ್ ಅಂದಳು: "ನಮ್ಮನೆ ಅಡುಗೆಮನೆ, ಮಿಸ್ ಯೂಲಾ. ಈಗ ಸ್ವಲ್ಪ ನಿಧಾನ. ಹೊತ್ತು ಇಟ್ಕೊಂಡು ಬನ್ನಿ."

ಬೇಸಿಗೆ ರಜೆ ಮುಗಿದ ಮೇಲೆ ಶಾಲೆಯವರು ಅವಳನ್ನು ಅರ್ಧ ದಿನದ ಕೆಲಸಕ್ಕೆ ಕರೆದರು. ಈಗ ಅವಳು ಬಲಗೈಯಲ್ಲಿ ಸೌಟು ಹಿಡಿದು ಬಡಿಸುತ್ತಾಳೆ, ತಟ್ಟೆ ಮಕ್ಕಳೇ ಚಾಚುತ್ತಾರೆ. ಎಡಗೈಯ ಹೆಬ್ಬೆರಳು ಸ್ವಲ್ಪ ಮಡಚುತ್ತಿದೆ. ಉಳಿದವುಗಳ ಬಗ್ಗೆ ಡಾಕ್ಟರು ಏನನ್ನೂ ಖಂಡಿತವಾಗಿ ಹೇಳುವುದಿಲ್ಲ, ಅವಳೂ ಕೇಳುವುದಿಲ್ಲ. ಒಜೆಲಾಳ ಕಿವಿಯ ಮೇಲೆ ಎಳೆಗೂಸಿನದರಂಥ ಮೆತ್ತನೆಯ ಕೂದಲು ಮೂಡಿದೆ.