ಹಳಸಿದ ಅಂಕಿಯನ್ನು ಅಳಿಸಿದವರು

ಪರದೆಯ ಮೇಲಿನ ಅಂಕಿಗಳನ್ನು ಸೆಕೆಂಡಿಗೊಮ್ಮೆ ಹೊಸದಾಗಿಸಿದರೆ ಕಂಪ್ಯೂಟರು ಏದುಸಿರು ಬಿಡುತ್ತದೆ. ನಿಮಿಷಕ್ಕೊಮ್ಮೆ ಮಾಡಿದರೆ ಎದುರು ಕೂತವರ ಜೀವ ಬಾಯಿಗೆ ಬರುತ್ತದೆ. ನಡುವೆ ಐದು ಸೆಕೆಂಡಿಗೆ ಗೆರೆ ಎಳೆದು, ಲಸಿಕೆ ಉಗ್ರಾಣದ ಆರು ಶೀತಲ ಕೋಣೆಗಳ ಉಷ್ಣತೆಯನ್ನು ಮೂವತ್ತೊಂದು ವರ್ಷ ಗೋಡೆಯ ಪರದೆಯ ಮೇಲೆ ಕಾಣಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರೋಗ್ರಾಂ ವಿಭಾಗದ ಹಿರಿಯರು. ಎಲ್ಲರ ಬಾಯಲ್ಲೂ ಅವರು ‘ಐದು ಸೆಕೆಂಡಿನ ಅಕ್ಕ’.

ಕೂತಲ್ಲಿ ಕೂರುವ ಜಾಯಮಾನ ಅವರದಲ್ಲ. ಊಟದ ಡಬ್ಬಿ ತೆರೆದಿಟ್ಟು ಎರಡು ಸಲವಾದರೂ ಪರದೆಯತ್ತ ಹೋಗಿ ಬರುತ್ತಿದ್ದರು.

ಅವರ ಮೊದಲ ಪ್ರೋಗ್ರಾಂ ಥರ್ಮಾಮೀಟರು ಓದುವುದನ್ನೂ ಅಂಕಿ ಬರೆಯುವುದನ್ನೂ ಒಂದೇ ಕೈಯಲ್ಲಿ ಮಾಡುತ್ತಿತ್ತು. ಒಂದು ಥರ್ಮಾಮೀಟರು ಉತ್ತರ ಕೊಡಲು ತಡಮಾಡಿದರೆ ಸಾಕು, ಇಡೀ ಪರದೆ ಮರಗಟ್ಟಿ, ಗುಂಡಿ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೈಗುಳ ತಿಂದು ಸಾಕಾಗಿ ಅಕ್ಕ ಕೆಲಸವನ್ನು ಎರಡು ಪಾಲು ಮಾಡಿದರು: ಓದುವುದು ಒಂದು, ಐದು ಸೆಕೆಂಡಿಗೊಮ್ಮೆ ಬರೆಯುವುದು ಇನ್ನೊಂದು. ಪರದೆ ಮತ್ತೆ ನಿಲ್ಲಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು.

ಒಂದು ಮಧ್ಯಾಹ್ನ ಉಗ್ರಾಣ ಪಾಲಕರು ಎದುರಾಗಿ, “ಅಕ್ಕ, ಮೂರನೇ ಕೋಣೆ ಬೆಳಗ್ಗೆಯಿಂದ ನಾಲ್ಕೇ ಡಿಗ್ರಿ. ಕೂದಲೆಳೆಯಷ್ಟೂ ಅಲುಗಾಡಿಲ್ಲ ನೋಡಿ, ಅಪ್ಪಟ ಬಂಗಾರ,” ಎಂದರು.

“ಇವತ್ತು ಬಾಗಿಲು ತೆಗೆದ್ರಾ?”

“ಹತ್ತು ಸಲ ತೆಗೆದಿರ್ಬೇಕು.”

ಹತ್ತು ಸಲ ಬಾಗಿಲು ತೆಗೆದ ಕೋಣೆ ಅಲುಗಾಡದೆ ಇರುವುದುಂಟೆ? ಅಕ್ಕ ಓಡಿದರು. ಕೈಯಲ್ಲಿ ಒಯ್ದ ಥರ್ಮಾಮೀಟರು ಒಳಗೆ ಹದಿನೇಳು ಡಿಗ್ರಿ ತೋರಿಸಿತು; ಎಂಟು ದಾಟಿದರೆ ಲಸಿಕೆ ಕೆಡುತ್ತದೆ. ಒಂದೇ ವಯರಿನಲ್ಲಿದ್ದ ತಂಪು ಯಂತ್ರವೂ ಥರ್ಮಾಮೀಟರೂ ಬೆಳಗ್ಗೆಯೇ ಕೈಕೊಟ್ಟಿದ್ದವು. ಬರೆಯುವ ಪಾಲು ಅದನ್ನರಿಯದೆ ಹಳೆಯ ನಾಲ್ಕನ್ನೇ ಐದು ಸೆಕೆಂಡಿಗೊಮ್ಮೆ ನಿಷ್ಠೆಯಿಂದ ಬರೆಯುತ್ತಿತ್ತು.

ಪಾಲಕರ ನೌಕರಿಗೆ ಸಂಚಕಾರ ಬಂತು. ಅವರು ಸರಿಯಾಗಿ ಗಮನಿಸಿಲ್ಲ ಎಂದು ವರದಿ ಬರೆಯಲು ಮೇಲಿನವರು ಅಕ್ಕನನ್ನೇ ಕೂರಿಸಿದರು. ಅಕ್ಕ ಬರೆದದ್ದು ಎರಡು ಸಾಲು: ಪಾಲಕರು ಗಂಟೆಗೊಮ್ಮೆ ನೋಡಿ ಬರೆದುಕೊಂಡಿದ್ದಾರೆ, ಸುಳ್ಳು ತೋರಿಸಿದ್ದು ನಾನು ಮಾಡಿದ ಪರದೆ.

“ನಿಮ್ಮ ಬಡ್ತಿ ಹೋಗುತ್ತೆ ಅಕ್ಕ,” ಎಂದು ಪಾಲಕರೇ ತಡೆದರು.

“ಹೋಗ್ಲಿ ಬಿಡಿ ಅಣ್ಣ. ನಿಮ್ಮ ತಲೆಗೆ ಕಟ್ಟಿ ನಾನು ನಿದ್ದೆ ಮಾಡೋದು ಹೇಗೆ?”

ಮರುವಾರದಿಂದ ಪ್ರತಿ ಅಂಕಿಯ ಪಕ್ಕ ಅದರ ವಯಸ್ಸು, ಅಂದರೆ ಓದಿ ಎಷ್ಟು ಹೊತ್ತಾಯಿತೆಂಬುದು, ಕಾಣಿಸತೊಡಗಿತು. ಓದಿ ಅರ್ಧ ನಿಮಿಷ ದಾಟಿದ ಅಂಕಿ ತಾನಾಗಿ ಅಳಿಸಿಹೋಗುತ್ತಿತ್ತು.

“ಖಾಲಿ ನೋಡಿದ್ರೆ ಎದೆ ಧಸಕ್ ಅನ್ನುತ್ತೆ,” ಎಂದು ಪಾಲಕರು ಗೊಣಗಿದರು.

“ಅನ್ನಲಿ ಅಂತಲೇ ಖಾಲಿ ಬಿಟ್ಟಿರೋದು.”

ನೆಮ್ಮದಿಯಾಗಿ ಕೂರಿ ಎಂದು ಹಾರೈಸಿದರೆ ಅಕ್ಕನಿಗೆ ಅದು ಶಾಪವಾದೀತು. ಆದ್ದರಿಂದ ಅವರು ನೂರು ವರ್ಷ ಹೀಗೆಯೇ ಚಡಪಡಿಸುತ್ತ, ಕೈತುಂಬ ಕೆಲಸ ಹಚ್ಚಿಕೊಂಡು ಬಾಳಲಿ. ಮೂರನೇ ಕೋಣೆ ಕೆಟ್ಟ ಆ ಒಂದು ದಿನ ಎರಡು ಸಾವಿರದ ನಾನೂರು ಮಕ್ಕಳ ಲಸಿಕೆ ಹಾಳಾಯಿತು. ಅಕ್ಕನ ಬಡ್ತಿ ಆರು ವರ್ಷ ತಡವಾಯಿತು. ಪಾಲಕರು ಪೂರ್ತಿ ಸೇವೆ ಮುಗಿಸಿ, ಪಿಂಚಣಿ ಪಡೆದು ಮನೆಗೆ ಹೋದರು.