ಮಸ್ಕತ್ತಿನಿಂದ ಬಂದ ಅಕ್ಕೋರು

ಶಿಷ್ಯರಿಗೆ ಬೆನ್ನು ಹಾಕಿ ಕೂತು ಪಾಠ ಹೇಳುವ ಗುರುಗಳನ್ನು ನಾನು ಕಂಡಿರುವುದು ಒಬ್ಬರನ್ನೇ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ, ಟೈರು ಅಂಗಡಿಯೊಂದರ ಮಹಡಿಯ ಮೇಲೆ ವತ್ಸಲಾಬಾಯಿಯವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಏಳು ಮಷಿನ್ನುಗಳ ಮುಂದೆ ಏಳು ಜನ ಏಳು ವೇಗದಲ್ಲಿ ಕುಟ್ಟುತ್ತಿದ್ದರೆ ಅವರು ಕಿಟಕಿಯ ಕಡೆ ಮುಖ ಮಾಡಿ, ಕೆಳಗೆ ಹೋಗುವ ಲಾರಿಗಳನ್ನು ನೋಡುತ್ತ, ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತ ಕೂತಿರುತ್ತಿದ್ದರು. ಇದ್ದಕ್ಕಿದ್ದಂತೆ, ತಿರುಗದೆಯೇ, ಹೇಳುತ್ತಿದ್ದರು: “ಮೂರನೇ ಮಷಿನ್, ನಿನ್ನ ಉಂಗುರ ಬೆರಳು ನಿದ್ದಿ ಮಾಡ್ಲಿಕ್ಕತ್ತದ. ಎಬ್ಬಿಸು.”

ಮೂರನೇ ಮಷಿನ್ ಎಂದರೆ ನಾನು. ಬಿ.ಕಾಂ. ಮುಗಿಸಿ ರಿಸಲ್ಟಿಗೆ ಕಾಯುತ್ತ ಮನೆಯಲ್ಲಿ ಹರಟೆ ಹೊಡೆಯುತ್ತಿದ್ದವಳನ್ನು ಅಪ್ಪ ಅಲ್ಲಿಗೆ ತಳ್ಳಿದ್ದರು. ಅಪ್ಪ ಬ್ಯಾಂಕಿನ ಗುಮಾಸ್ತರು, ಮಂಡ್ಯದವರು, ವರ್ಗವಾಗಿ ಆ ಊರಿಗೆ ಬಂದವರು. ಕನ್ನಡದ ಹೆಂಗಸೊಬ್ಬರು ಟೈಪಿಂಗ್ ಕಲಿಸುತ್ತಾರೆಂದು ಗೊತ್ತಾದಾಗ ಅವರಿಗೆ ಸ್ವರ್ಗ ಮೂರೇ ಗೇಣು. ನನಗೆ ಮಾತ್ರ ಅವರ ಧಾರವಾಡದ ಕನ್ನಡ ಮೊದಲ ವಾರ ತೆಲುಗಿಗಿಂತ ಕಷ್ಟವಾಯಿತು.

ಆ ಕಡೆ ಟೀಚರಮ್ಮನಿಗೆ ‘ಅಕ್ಕೋರು’ ಅನ್ನುತ್ತಾರಂತೆ. ಅವರಿಗೆ ‘ಮೇಡಂ’ ಅಂದರೆ ಮೈಯೆಲ್ಲ ಉರಿ. ಹಾಗಾಗಿ ತೆಲುಗು ಹುಡುಗ ಹುಡುಗಿಯರೂ ಅವರನ್ನು ಬಲು ಮರ್ಯಾದೆಯಿಂದ “ಅಕ್ಕೋರು ಗಾರೂ” ಎಂದು ಕರೆಯುತ್ತಿದ್ದರು. ಅವರೂ ತೆಲುಗನ್ನು ಧಾರವಾಡದ ರಾಗದಲ್ಲೇ ಎಳೆದೆಳೆದು ಆಡಿ, ಯಾರಾದರೂ ನಕ್ಕರೆ ತಾವೂ ಜೋರಾಗಿ ನಗುತ್ತಿದ್ದರು. ಅವರು ನಕ್ಕರೆ ಕೆಳಗಿನ ಟೈರು ಅಂಗಡಿಯವರು ತಲೆ ಎತ್ತಿ ನೋಡಬೇಕು, ಅಂಥ ನಗು.

ಗೋಡೆಯ ಮೇಲೆ ರಾಘವೇಂದ್ರ ಸ್ವಾಮಿಗಳ ಪಟದ ಪಕ್ಕದಲ್ಲಿ, ಅದೇ ಅಳತೆಯ ಗಾಜಿನ ಚೌಕಟ್ಟಿನಲ್ಲಿ ಒಂದು ಕಾಗದ ನೇತಾಡುತ್ತಿತ್ತು. ಅದು ಇಂಗ್ಲಿಷಿನಲ್ಲಿ ಟೈಪಾದ ಪತ್ರದ ಕಾರ್ಬನ್ ಪ್ರತಿ. ಲೋವರ್ ಪರೀಕ್ಷೆ ಮುಗಿಸಿ ಹೈಯರ್‌ಗೆ ಬಂದವರೆಲ್ಲ ಪತ್ರದ ವಿನ್ಯಾಸ ಕಲಿಯುತ್ತಿದ್ದುದು ಅದನ್ನು ನೋಡಿ. ನಾನೂ ಸುಮಾರು ದಿನ ಅದರ ಮಾರ್ಜಿನ್ನು ಅಳೆದೆನೇ ಹೊರತು ಒಳಗೇನಿದೆ ಎಂದು ಓದಿರಲಿಲ್ಲ. ಓದಿದಾಗ ಗಾಬರಿಯಾಯಿತು. ‘ಕುಮಾರಿ ವತ್ಸಲಾ ಇವರ ಸೇವೆ ನಮಗೆ ಅಗತ್ಯವಿಲ್ಲ, ಇವರ ವೀಸಾಕ್ಕೆ ನಾವು ಕೊಟ್ಟ ಬೆಂಬಲವನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ದಯವಿಟ್ಟು ರದ್ದು ಮಾಡಿ’ ಎಂದು ಮಸ್ಕತ್ತಿನ ಕಂಪನಿಯೊಂದು ಅಲ್ಲಿನ ಸರ್ಕಾರಿ ಕಚೇರಿಗೆ ಬರೆದ ಪತ್ರ ಅದು.

ಅಕ್ಕೋರು ಮೂರು ವರ್ಷ ಮಸ್ಕತ್ತಿನಲ್ಲಿ ಟೈಪಿಸ್ಟ್ ಆಗಿದ್ದರು. ಕಂಪನಿ ಜವಾಬ್ದಾರಿ ಹೊತ್ತರೆ ವೀಸಾ, ಕಂಪನಿ ಕೈಬಿಟ್ಟರೆ ಗಂಟುಮೂಟೆ, ಇದು ಅಲ್ಲಿನ ಲೆಕ್ಕ. ಕಂಪನಿಗೆ ಕೆಲಸ ಕಡಿಮೆಯಾದಾಗ ಮ್ಯಾನೇಜರು ಇವರನ್ನು ಕರೆದು, ತಲೆ ತಗ್ಗಿಸಿಕೊಂಡು, ಒಂದು ಕರಡು ಕೈಗೆ ಕೊಟ್ಟರಂತೆ. ಆಫೀಸಿನಲ್ಲಿದ್ದ ಟೈಪಿಸ್ಟ್ ಇವರೊಬ್ಬರೇ. ತಮ್ಮನ್ನು ಕಳಿಸುವ ಪತ್ರವನ್ನು ತಾವೇ ಟೈಪ್ ಮಾಡಬೇಕಾಯಿತು.

“ಕರಡಿನಾಗ ಎರಡು ಸ್ಪೆಲ್ಲಿಂಗ್ ತಪ್ಪಿತ್ತು, ತಿದ್ದಿದೆ” ಎಂದು ಅವರು ಕ್ಲಾಸಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು. “ಇಂಥಾ ಚಂದದ ಪತ್ರ ಆ ಕಂಪನಿಯಿಂದ ಮತ್ತ ಹೋಗಿರ್ಲಿಕ್ಕಿಲ್ಲ. ಮೂರೇ ದಿನದಾಗ ವೀಸಾ ರದ್ದಾತು ನೋಡ್ರಿ!” ಎಲ್ಲರೂ ನಗುತ್ತಿದ್ದೆವು. ತಮ್ಮ ಕುತ್ತಿಗೆಗೆ ಬಂದ ಪತ್ರದ ಅಂದ ಹೊಗಳುವವರನ್ನು ನೋಡಿ ನಗದೆ ಏನು ಮಾಡುವುದು?

ನಾನು ಸ್ವಲ್ಪ ತಂಟೆಯ ಪೈಕಿ. ಒಂದು ಮಧ್ಯಾಹ್ನ ಆ ಪತ್ರವನ್ನು ನೋಡಿ ಟೈಪ್ ಮಾಡುತ್ತಿದ್ದಾಗ ಬೆರಳು ನಿಂತಿತು. ಮೇಲೆ ವಿಷಯದ ಸಾಲಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆಯ ಕೊನೆಯ ಅಂಕಿ ಒಂಬತ್ತು, ಕೆಳಗೆ ಪತ್ರದ ಒಳಗೆ ಆರು. ಸದ್ದು ನಿಂತದ್ದೇ ಕಿಟಕಿಯಿಂದ ಪ್ರಶ್ನೆ ಬಂತು: “ಯಾಕ ತಂಗಿ, ಏನಾತು?”

“ಅಕ್ಕೋರೇ, ಇದ್ರಲ್ಲಿ ಒಂದು ತಪ್ಪಿದೆ.”

ಅವರು ಮೊದಲ ಸಲ ನಮ್ಮ ಕಡೆ ತಿರುಗಿ ಕೂತರು. ಉಳಿದವರನ್ನೆಲ್ಲ ಟೀ ಕುಡಿದು ಬನ್ನಿರೆಂದು ಕಳಿಸಿ ನನ್ನ ಪಕ್ಕ ಸ್ಟೂಲು ಎಳೆದುಕೊಂಡರು. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರ ಕಣ್ಣಿನಲ್ಲಿ ಕುಣಿಯುವಂಥ ಸಂತೋಷ.

“ಬೇಕಂತ ಹೊಡದದ್ದು ತಂಗಿ. ಜನ್ಮದಾಗ ಅದೊಂದೇ. ಬಾಜೂಕಿನ ಆಫೀಸಿನಾಕಿ ಹೇಳಿದ್ಲು, ಒಂದು ಅಂಕಿ ತಪ್ಪು ಹೊಡಿ, ಸರ್ಕಾರದವರು ಪತ್ರ ವಾಪಸ್ ಕಳಸ್ತಾರ, ಒಂದು ತಿಂಗಳು ಸಿಗ್ತದ, ಅಷ್ಟರೊಳಗ ಬ್ಯಾರೆ ಕಂಪನಿ ಹುಡುಕ್ಕೊ ಅಂತ. ಒಂಬತ್ತು ಇದ್ದಲ್ಲಿ ಆರು ಹೊಡದೆ. ಆಮ್ಯಾಲೇನಾತು ಗೊತ್ತೇನು? ಒಬ್ಬರೂ ಓದಲಿಲ್ಲ! ಮ್ಯಾನೇಜರ್ ಓದದs ಸಹಿ ಹಾಕಿದ, ಅವರು ಓದದs ಠಸ್ಸೆ ಹೊಡದರು. ಮೂರು ದಿನದಾಗ ರದ್ದು. ಆರು ವರ್ಷದಿಂದ ಇಲ್ಲಿ ತೂಗುಹಾಕೀನಿ, ಯಾರರೆ ಓದ್ತಾರೇನು ನೋಡೂಣ ಅಂತ. ನೀನೊಬ್ಬಾಕಿ ಸಿಕ್ಕಿ!”

ಹೇಳಿ ನಕ್ಕರು. ನಗು ಮುಗಿದ ಮೇಲೆ, ಹುರಿಗಡಲೆಯ ಡಬ್ಬಿ ನನ್ನ ಕಡೆ ಸರಿಸಿ, ಮೆಲ್ಲಗೆ ಮತ್ತೊಂದು ಮಾತು ಹೇಳಿದರು. ಮಸ್ಕತ್ತಿನಲ್ಲಿ ಅವರಿಗೆ ಸ್ವಂತ ಕೋಣೆಯಿತ್ತು, ಕೋಣೆಗೆ ಸ್ವಂತ ಬೀಗದ ಕೈಯಿತ್ತು. ಮೂವತ್ತೈದು ವರ್ಷಕ್ಕೆ ಮೊದಲ ಸಲ ಸಿಕ್ಕಿದ್ದು. ಅದನ್ನು ಒಂದು ಕಾಗದ ಕಿತ್ತುಕೊಂಡಿತು. “ಕೆಲಸ ಹೋಗಿದ್ದು ದುಃಖ ಇಲ್ಲ ತಂಗಿ. ಬಿಟ್ಟು ಬರೂದು ನನ್ನ ಕೈಯಾಗ ಇರಲಿಲ್ಲ ನೋಡು, ಅದು ಚುಚ್ಚತದ. ಇನ್ನೊಂದು ಸಲ ಅಂಥಾ ನೌಕರಿ ಸಿಗಬೇಕು. ಈ ಸಲ ‘ಸಾಕು’ ಅನ್ನೂದು ನಾನಾಗಿರಬೇಕು, ಅವರಲ್ಲ.” ನಾನು ಕಡಲೆ ತಿಂದೆ.

ಅಂದಿನಿಂದ ಬೆಳಗಿನ ಬ್ಯಾಚು ನೋಡಿಕೊಳ್ಳುವ ಅಧಿಕಾರ ನನಗೆ ಸಿಕ್ಕಿತು. ಅವರು ಪೇಪರಿನಲ್ಲಿ ಬರುವ ಪ್ರತಿಯೊಂದು ಕೊಲ್ಲಿ ದೇಶದ ಜಾಹೀರಾತಿಗೂ ಅರ್ಜಿ ಹಾಕುತ್ತಿದ್ದುದು ಆಗ ಗೊತ್ತಾಯಿತು. ವಯಸ್ಸು ನಲವತ್ತು ದಾಟಿದೆಯೆಂದು ಎಲ್ಲರೂ ಬೇಡ ಅನ್ನುತ್ತಿದ್ದರು. ಒಂದು ಬೇಸಿಗೆಯಲ್ಲಿ ಮಾತ್ರ ಕರೆ ಬಂತು: ವಿಶಾಖಪಟ್ಟಣದಲ್ಲಿ ಇಂಟರ್‌ವ್ಯೂ.

“ಜೋಡಿಗೆ ಬರ್ತೀಯೇನು?” ಅಂದರು. ಅಷ್ಟರಲ್ಲಿ ಅಪ್ಪನಿಗೆ ಶಿವಮೊಗ್ಗಕ್ಕೆ ವರ್ಗವಾಗಿ, ನಮ್ಮ ಮನೆಯಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಆ ಪ್ರಯಾಣದ ದಿನಗಳೇ ನಾನು ಅಕ್ಕೋರ ಜೊತೆ ಕಳೆದ ಕೊನೆಯ ದಿನಗಳು. ಮುಂದೆ ಒಂದಷ್ಟು ಕಾಗದಗಳು ಬಂದವು, ಆಮೇಲೆ ಅವೂ ನಿಂತವು. ಅವರು ನೆನಪಾದಾಗಲೆಲ್ಲ ಕಣ್ಣಿಗೆ ಬರುವುದು ಆ ವಿಶಾಖಪಟ್ಟಣವೇ.

ಸಮುದ್ರದ ಎದುರಿನ ಹೋಟೆಲಿನ ಹಾಲಿನಲ್ಲಿ ಇಂಟರ್‌ವ್ಯೂ. ಹುಡುಗಿಯರ ಸಾಲಿನಲ್ಲಿ ಇಳಕಲ್ ಸೀರೆಯ ಅಕ್ಕೋರು ಒಬ್ಬರೇ ಹಿರಿಯರು. ನಾನು ಬಾಗಿಲ ಪಕ್ಕ ನಿಂತಿದ್ದೆ. ಟೈಪಿಂಗ್ ಪರೀಕ್ಷೆ ಶುರುವಾದಾಗ ಉಳಿದ ಮಷಿನ್ನುಗಳು ಮಾತಾಡಿದವು, ಅಕ್ಕೋರದು ಹಾಡಿತು. ಟೈ ಕಟ್ಟಿದ ಅಧಿಕಾರಿ ಅವರ ಹಿಂದೆ ಬಂದು ನಿಂತೇಬಿಟ್ಟರು. ವಯಸ್ಸಿನ ಮಾತು ಅಲ್ಲಿಗೇ ಮುಗಿಯಿತು. ನೀವು ಯಾವಾಗ ಹೊರಡಬಲ್ಲಿರಿ ಎಂದು ಕೇಳಿದರು. ನನಗೆ ಕುಣಿಯಬೇಕೆನಿಸಿತು.

ಅಕ್ಕೋರು ಕುಣಿಯಲಿಲ್ಲ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ನಾನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ನನ್ನ ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತೆ?”

“ಕಂಪನಿಯ ಬೀರುವಿನಲ್ಲಿ. ಭದ್ರವಾಗಿರುತ್ತೆ.”

“ನಾನು ಸಾಕು ಅಂದ ದಿನ ಕೊಡ್ತೀರಾ?”

“ಅದಕ್ಕೆ ಕಂಪನಿ ಒಪ್ಪಬೇಕು.”

“ನೀವು ಸಾಕು ಅಂದ ದಿನ?”

ಅಧಿಕಾರಿ ನಕ್ಕು, ಅಷ್ಟು ಮುಂದಿನದನ್ನು ಈಗಲೇ ಯಾಕೆ ಯೋಚಿಸುತ್ತೀರಿ, ಮೊದಲು ಕೆಲಸ ಒಪ್ಪಿಕೊಳ್ಳಿ ಅಂದರು. ಅಕ್ಕೋರು ಒಂದು ನಿಮಿಷ ಬೆರಳುಗಳನ್ನು ನೋಡಿಕೊಂಡರು. ಆಮೇಲೆ, ಇನ್ನೊಂದು ಹಾಳೆ ಸಿಗುತ್ತದೆಯೇ ಎಂದು ಕೇಳಿ ಪಡೆದು ಮಷಿನ್ನಿಗೆ ಏರಿಸಿದರು. ನಾಲ್ಕು ಸಾಲು. ಎಳೆದು, ಸಹಿ ಹಾಕಿ, ಮೇಜಿನ ಮೇಲಿಟ್ಟರು. ‘ನೀವು ಕೊಟ್ಟ ಕೆಲಸಕ್ಕೆ ಧನ್ಯವಾದಗಳು. ನಿಮ್ಮ ಷರತ್ತುಗಳನ್ನು ಕೇಳಿ ತಿಳಿದ ಮೇಲೆ ನಾನು ಈ ಕೆಲಸವನ್ನು ಬಿಡುತ್ತಿದ್ದೇನೆ.’ ಅಧಿಕಾರಿ ಅದನ್ನು ಎರಡು ಸಲ ಓದಿದರು. ಎರಡು ಸಲ ಓದಿದ್ದನ್ನು ನೋಡಿಯೇ ಅಕ್ಕೋರು ಎದ್ದದ್ದು.

ಹೊರಗೆ ಬಂದ ಮೇಲೆ ನಾನು ಅತ್ತೆ. ಅಷ್ಟು ವರ್ಷ ಕಾದದ್ದನ್ನು ಕೈಯಾರೆ ಕಳೆದುಕೊಂಡರಲ್ಲ ಎಂದು ಸಿಟ್ಟೂ ಬಂದಿತ್ತು. ಅವರು ನನ್ನನ್ನು ದಂಡೆಗೆ ಎಳೆದುಕೊಂಡು ಹೋಗಿ, ಮೆಣಸಿನಕಾಯಿ ಬಜ್ಜಿ ಕೊಡಿಸಿ, ಸೀರೆ ಎತ್ತಿ ಹಿಡಿದು ಅಲೆಯೊಳಗೆ ನಿಂತರು. “ಹುಚ್ಚಿ, ಅಳ್ತೀ ಯಾಕ? ಖಾರ ಹತ್ತಿತೇನು?” ಅಂದರು. ಅಷ್ಟು ಹಗುರಾಗಿ ಅವರು ನಿಂತದ್ದನ್ನು ನಾನು ಮೊದಲು ನೋಡಿರಲಿಲ್ಲ. ಅಳು ಎಲ್ಲಿ ಹೋಯಿತೋ.

ಮಧ್ಯಾಹ್ನದ ಗಾಡಿಯಲ್ಲಿ ವಿಜಯವಾಡಕ್ಕೆ ಹೊರಟೆವು. ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿಯಲ್ಲಿ ಗಾಡಿ ನಿಂತಾಗ ಅಕ್ಕೋರು ಸರಸರ ಇಳಿದು ಹೋದರು. ಗಾಡಿ ಕೂಗಿತು, ನಾನು ಬಾಗಿಲಿಗೆ ಓಡಿದೆ. ಕೊನೆಯ ಗಳಿಗೆಯಲ್ಲಿ ಎರಡೂ ಕೈಯಲ್ಲಿ ಒಂದು ಬೆಲ್ಲದ ಅಚ್ಚು ಹಿಡಿದು ಏದುಸಿರು ಬಿಡುತ್ತ ಹತ್ತಿದರು. ಅದನ್ನು ಟಿಫಿನ್ ಡಬ್ಬಿಯ ತಳದಿಂದ ಕುಟ್ಟಿ, ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಂಡು, ಬೋಗಿಯ ಈ ತುದಿಯಿಂದ ಆ ತುದಿಯವರೆಗೆ ಗುರುತು ಪರಿಚಯವಿಲ್ಲದವರಿಗೆಲ್ಲ ಹಂಚುತ್ತ ಹೊರಟರು. ಮಕ್ಕಳಿಗೆ ಎರಡೆರಡು ಚೂರು.

ಕಿಟಕಿಯ ಪಕ್ಕದ ಮುದುಕರೊಬ್ಬರು ಅಂಗೈಯೊಡ್ಡಿ, ಸಂತೋಷದಿಂದ ಕೇಳಿದರು: “ಉದ್ಯೋಗಂ ವಚ್ಚಿಂದಾ ಅಮ್ಮಾ?”

“ವಚ್ಚಿಂದಿ ತಾತಗಾರೂ,” ಎಂದರು ಅಕ್ಕೋರು, ಧಾರವಾಡದ ರಾಗದಲ್ಲಿ. “ನೇನೇ ವದಿಲೇಸಾನು!”

ಕೆಲಸ ಬಂತು, ನಾನೇ ಬಿಟ್ಟುಬಿಟ್ಟೆ. ಮುದುಕರು ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟು, ಮತ್ತೆ ನಗುತ್ತ, ಇನ್ನೊಂದು ಚೂರಿಗೆ ಕೈ ಚಾಚಿದರು.